ಉದುರಿಹೋದ ಗುಡಿಸು

ಓದುಗರ ಪತ್ರ (ಸಂಕ್ಷಿಪ್ತವಾಗಿ):
ಆರನೇ ಸೆಮಿಸ್ಟರ್ ಮುಗಿಸಿ ಈ ಬೇಸಿಗೆಯಲ್ಲಿ ಬೆಂಗಳೂರಿನ ಕಂಪನಿಯೊಂದರಲ್ಲಿ ಎಂಟು ವಾರ ಇಂಟರ್ನ್‌ಶಿಪ್ ಮಾಡಿದೆ. ಎಐ ಕಲಿಯುವ ಆಸೆಯಿಂದ ಹೋದವಳಿಗೆ ಟೆಸ್ಟಿಂಗ್, ಅಂದರೆ ತಂತ್ರಾಂಶದ ದೋಷ ಹುಡುಕುವ ಕೆಲಸ ಕೊಟ್ಟರು. ನಾಲ್ಕು ವಾರ ಸುಮ್ನೆ ಫಾರಂ ತುಂಬಿದ್ದೇ ಆಯಿತು. ಐದನೇ ವಾರ ಕನ್ನಡ ಹೆಸರು ತುಂಡಾಗುವ ದೋಷ ಹಿಡಿದೆ. ಈಗ ಕಂಪ್ಯೂಟರಿನಲ್ಲಿ ಕನ್ನಡದ ಕೆಲಸವನ್ನೇ ಮಾಡಬೇಕು ಅನಿಸುತ್ತಿದೆ. ‘ಟೆಸ್ಟಿಂಗ್‌ಗೆ ಬೆಲೆ ಇಲ್ಲ, ಕನ್ನಡಕ್ಕೆ ಪ್ಯಾಕೇಜ್ ಇಲ್ಲ’ ಅಂತಾರೆ ಅಪ್ಪ. ಎಂಟೇ ವಾರಕ್ಕೆ ಗುರಿ ಬದಲಿಸುವುದು ದುಡುಕಲ್ವಾ?
– ಹೆಸರು ಬೇಡ, ದಾವಣಗೆರೆ

ಸಂಪಾದಕರ ಉತ್ತರ:
ನೀವು ಪತ್ರದ ಜೊತೆ ಕಳಿಸಿದ ಸ್ಕ್ರೀನ್‌ಶಾಟನ್ನು ನಮ್ಮ ಆಫೀಸಿನಲ್ಲಿ ಎಲ್ಲರೂ ನೋಡಿದೆವು. ಫಾರಂನಲ್ಲಿ ‘ಕೃಷ್ಣಮೂರ್ತಿ’ ಎಂದು ಟೈಪ್ ಮಾಡಿದ್ದೀರಿ. ರಸೀದಿಯಲ್ಲಿ ‘ಕೃಷ್ಣಮೂರ್ತ’ ಎಂದು ಬಂದಿದೆ. ಕೊನೆಯ ಗುಡಿಸು ಉದುರಿಹೋಗಿದೆ.

ಕಾರಣವನ್ನೂ ನೀವೇ ಬರೆದಿದ್ದೀರಿ. ಉಳಿದ ಓದುಗರಿಗಾಗಿ ಇಲ್ಲಿ ಹೇಳುತ್ತೇನೆ. ಹೆಸರಿಗೆಂದು 30 ಬೈಟ್ (ಕಂಪ್ಯೂಟರಿನಲ್ಲಿ ಜಾಗ ಅಳೆಯುವ ಮಾನ) ಜಾಗ ಇಟ್ಟಿದ್ದರು. ಇಂಗ್ಲಿಷಿನಲ್ಲಿ ಅಕ್ಷರಕ್ಕೆ ಒಂದು ಬೈಟ್, ಹಾಗಾಗಿ ಅದು ಧಾರಾಳವಾಯಿತು. ಕನ್ನಡದಲ್ಲಿ ಈ ಹೆಸರು ಕಣ್ಣಿಗೆ ನಾಲ್ಕೇ ಅಕ್ಷರ. ಆದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯುನಿಕೋಡ್ ಎಂಬ ವ್ಯವಸ್ಥೆ ಅದನ್ನು ಕ, ವಟ್ರಸುಳಿ, ಷ, ಅರ್ಧಾಕ್ಷರದ ಚಿಹ್ನೆ, ಣ... ಹೀಗೆ ಬಿಡಿಸಿ ಒಟ್ಟು 11 ತುಣುಕಾಗಿ ಇಡುತ್ತದೆ. ಆ ತುಣುಕುಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಎಂಬ ಕ್ರಮದಲ್ಲಿ ಒಂದೊಂದು ತುಣುಕಿಗೂ 3 ಬೈಟ್ ಬೇಕು. ಒಟ್ಟು 33 ಆಯಿತು. 30ಕ್ಕೆ ಕತ್ತರಿ ಬಿತ್ತು.

ನಿಮಗಿಂತ ಮೊದಲು ಆ ಫಾರಂ ನೋಡಿದವರು ರವಿ, ರಮೇಶ ಅಂತ ಹಾಕಿ ‘ಸರಿ ಇದೆ’ ಎಂದಿದ್ದರಂತೆ. ನೀವು ಅಜ್ಜನ ಹೆಸರು ಹಾಕಿದಿರಿ. ಮೊದಲ ನಾಲ್ಕು ವಾರ ವ್ಯರ್ಥ ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಅದೇ ಫಾರಂ ನೂರಾರು ಸಲ ತುಂಬಿದ್ದರಿಂದಲೇ ಬೇರೆ ಹೆಸರು ಹಾಕಿ ನೋಡೋಣ ಅಂತ ನಿಮ್ಮ ಕೈಗೆ ಹೊಳೆದಿದ್ದು.

ನಮಗೂ ಈ ಹೆಸರಿನ ಕಾಟ ಗೊತ್ತು. ನಮ್ಮ ಹಳೆಯ ಸಂಚಿಕೆಗಳೆಲ್ಲ ಯುನಿಕೋಡ್‌ಗೆ ಮುಂಚಿನ ಫಾಂಟುಗಳಲ್ಲಿವೆ. ಅವುಗಳಲ್ಲಿ ಅರ್ಕಾವತ್ತು ಕಣ್ಣಿಗೆ ಕಂಡ ಹಾಗೆ ಅಕ್ಷರದ ನಂತರ ಕೂತಿರುತ್ತದೆ. ಯುನಿಕೋಡ್‌ನಲ್ಲಿ ಉಚ್ಚಾರದ ಕ್ರಮದಲ್ಲಿ ‘ರ’ ಮೊದಲು ಬರಬೇಕು. ಪರಿವರ್ತಿಸುವಾಗ ಅದು ಸರಿಯಾಗಿ ಜಾಗ ಬದಲಿಸದಿದ್ದರೆ ಮೂರ್ತಿ ಹೋಗಿ ‘ಮೂತಿ೯’ ಆಗುತ್ತದೆ. ಆಮೇಲೆ ಹುಡುಕಿದರೆ ಆ ಲೇಖನ ಸಿಗುವುದೇ ಇಲ್ಲ. ನಮ್ಮ ಕರಡು ತಿದ್ದುವವರು ಇಂಥವನ್ನು ಒಂದೊಂದಾಗಿ ಕೈಯಲ್ಲೇ ಸರಿಮಾಡುತ್ತಿದ್ದಾರೆ. ನಿಮ್ಮಂಥವರು ಬೇಕು ಅಂತ ನಾನು ಹೇಳುತ್ತಿರುವುದು ಬಾಯಿಮಾತಿಗಲ್ಲ.

ಈಗ ದುಡುಕಿನ ವಿಷಯಕ್ಕೆ ಬರೋಣ. ಗುರಿ ಬದಲಾಯಿತು ಅಂತ ನೀವು ಅಂದುಕೊಂಡಿದ್ದೀರಿ. ನನಗೆ ಹಾಗೆ ಕಾಣುತ್ತಿಲ್ಲ. ಎಐ ಮಾದರಿಗಳೂ ಪಠ್ಯವನ್ನು ಓದುವ ಮೊದಲು ಟೋಕನ್ ಎಂಬ ಚೂರುಗಳಾಗಿ ಕತ್ತರಿಸುತ್ತವೆ. ಅದೇ ಮಾತು ಇಂಗ್ಲಿಷಿನಲ್ಲಿದ್ದರೆ ಕಮ್ಮಿ ಚೂರು, ಕನ್ನಡದಲ್ಲಿದ್ದರೆ ಸಾಮಾನ್ಯವಾಗಿ ಜಾಸ್ತಿ. ಚೂರು ಜಾಸ್ತಿಯಾದಷ್ಟೂ ಖರ್ಚು ಜಾಸ್ತಿ. ರಸೀದಿಯಲ್ಲಿ ನೀವು ಕಂಡ ತೊಂದರೆಯ ದೊಡ್ಡಣ್ಣ ಇದು. ಹೋಗುವಾಗ ‘ಎಐ ಮಾಡ್ತೀನಿ’ ಎಂದಷ್ಟೇ ಗೊತ್ತಿತ್ತು. ಈಗ ಅದರಲ್ಲಿ ಏನು ಮಾಡಬೇಕು ಅನ್ನುವುದು ಗೊತ್ತಾಗಿದೆ.

ಅಪ್ಪನ ಚಿಂತೆಯನ್ನು ಹಗುರವಾಗಿ ನೋಡಬೇಡಿ. ಫೀಸು ಕಟ್ಟಿದವರು ಸಂಬಳದ ಮಾತಾಡುವುದು ಸಹಜ. ‘ಕನ್ನಡದ ಮೇಲೆ ಪ್ರೀತಿ’ ಎಂದರೆ ಅವರಿಗೆ ಸಮಾಧಾನ ಆಗದು. ಆ ಸ್ಕ್ರೀನ್‌ಶಾಟ್ ತೋರಿಸಿ, 33 ಬೈಟಿನ ಲೆಕ್ಕ ಹೇಳಿ. ಅವರ ಅಪ್ಪನ ಹೆಸರೇ ಅಲ್ವಾ ಅದು. ಇದೇ ಕತ್ತರಿ ಹಿಂದಿಗೂ ತಮಿಳಿಗೂ ಬೀಳುತ್ತದೆ, ಅಂದರೆ ಇಡೀ ದೇಶದ ಗ್ರಾಹಕರಿಗಾಗಿ ಸಾಫ್ಟ್‌ವೇರ್ ಮಾಡುವವರಿಗೆಲ್ಲ ಈ ಕೆಲಸ ಬೇಕು ಅಂತ ವಿವರಿಸಿ. ಕ್ಯಾಂಪಸ್ ಪ್ಲೇಸ್‌ಮೆಂಟ್‌ಗೂ ಕೂರಿ. ಮೊದಲ ಕೆಲಸ ಬೇರೆ ಯಾವುದೋ ಆದರೂ ನಷ್ಟವಿಲ್ಲ.

ಕಲಿಯುವುದಕ್ಕೆ ಇನ್ನೊಂದು ಕಂಪನಿ ಕರೆಯಲಿ ಅಂತ ಕಾಯಬೇಡಿ. ಆಂಡ್ರಾಯ್ಡ್, ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳಲ್ಲಿ ನಮ್ಮ ಒತ್ತಕ್ಷರಗಳನ್ನು ಜೋಡಿಸುವ ಹಾರ್ಫ್‌ಬಜ್ ಎಂಬ ತಂತ್ರಾಂಶದ ಕೋಡ್ ಎಲ್ಲರಿಗೂ ತೆರೆದಿದೆ. ಕೂತು ಓದಿ. ಗೂಗಲ್ 2005ರಿಂದ ‘ಸಮ್ಮರ್ ಆಫ್ ಕೋಡ್’ ನಡೆಸುತ್ತಿದೆ. ಮನೆಯಲ್ಲೇ ಕೂತು ಇಂಥ ಮುಕ್ತ ತಂತ್ರಾಂಶಗಳಿಗೆ ಕೋಡ್ ಬರೆಯಬಹುದು, ದಾರಿ ತೋರಿಸಲು ಅನುಭವಿಗಳು ಇರುತ್ತಾರೆ, ಸ್ಟೈಪೆಂಡ್ ಕೂಡ ಇದೆ. ಅರ್ಜಿ ಹಾಕುವ ಮೊದಲೇ ಒಂದೆರಡು ಸಣ್ಣ ದೋಷ ಸರಿಪಡಿಸಿ ಅಲ್ಲಿನವರ ಪರಿಚಯ ಮಾಡಿಕೊಂಡಿರಿ.

ನಿಮ್ಮ ಜೂನಿಯರ್‌ಗಳಿಗೂ ಒಂದು ಮಾತು. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಇಂಟರ್ನ್‌ಶಿಪ್ ಕಡ್ಡಾಯ ಮಾಡಿದ ಮೇಲೆ ದುಡ್ಡು ತಗೊಂಡು ಬರೀ ಸರ್ಟಿಫಿಕೇಟ್ ಕೊಡುವವರೂ ಹುಟ್ಟಿಕೊಂಡಿದ್ದಾರೆ. ಅದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅಲ್ಲಿಗೆ ಹೋಗಿದ್ದರೆ ಈ ಗುಡಿಸು ನಿಮ್ಮ ಕಣ್ಣಿಗೆ ಬೀಳುತ್ತಿತ್ತೇ?

ಫೈನಲ್ ಇಯರ್ ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿದ್ದರೆ ನಮ್ಮ ಹಳೆಯ ಸಂಚಿಕೆಗಳ ಕಡತಗಳನ್ನು ಕೊಡುತ್ತೇವೆ. ಎಲ್ಲೆಲ್ಲಿ ಅರ್ಕಾವತ್ತು ತಪ್ಪಿದೆ ಎಂದು ನಮ್ಮವರು ಗುರುತು ಹಾಕಿಟ್ಟ ಪಟ್ಟಿಯೂ ಇದೆ. ಗೈಡ್ ಸಹಿ ಮಾಡಿದ ಒಂದು ಪತ್ರ ತನ್ನಿ, ಜೊತೆಗೆ ಒಂದು ಹಾರ್ಡ್ ಡಿಸ್ಕ್. ಶನಿವಾರ ಮಧ್ಯಾಹ್ನ ಬಂದರೆ ಕರಡು ತಿದ್ದುವವರೂ ಸಿಗುತ್ತಾರೆ.