ಐದನೇ ಪುಟದ ಆ ಒಂದು ಸಾಲು

ನಮಸ್ಕಾರ. ವಿಜಯಪುರ ಜಿಲ್ಲೆಯ ತಿಕೋಟಾದಿಂದ ನೀವು ಕಳಿಸಿದ ಮುಂಬೈ ಬಂದರಿನ ಲೇಖನ ಎರಡು ಸಲ ಓದಿದೆ. ಇದ್ದ ಹಾಗೆ ಹಾಕಲು ಆಗುವುದಿಲ್ಲ. ಬಿಡಲೂ ಮನಸ್ಸಿಲ್ಲ, ಯಾಕೆಂದರೆ ಐದನೇ ಪುಟದಲ್ಲಿ ಒಂದು ಸಾಲಿದೆ: ದ್ರಾಕ್ಷಿ ಕಂಟೇನರ್ ಹಡಗು ಹತ್ತಿತು ಅಂತ ಫೋನ್ ಬರುವವರೆಗೂ ಅಪ್ಪ ಸರಿಯಾಗಿ ಊಟ ಮಾಡಲಿಲ್ಲ. ಅಲ್ಲಿಂದಲೇ ಶುರು ಮಾಡಬೇಕಿತ್ತು ಅಲ್ವಾ?

ಮೊದಲು ತಪ್ಪು ಹೇಳಿಬಿಡುತ್ತೇನೆ. ಮಾಲು ಮುಂಬೈ ಬಂದರಿನಿಂದ ಹೋಯಿತು ಅಂದಿದ್ದೀರಿ. ನೀವೇ ಕಳಿಸಿದ ರಸೀದಿಯ ಫೋಟೋದಲ್ಲಿ ನ್ಹಾವಾ ಶೇವಾ ಅಂತಿದೆ. ಅದು ಬೇರೆ ಬಂದರು. ಮುಂಬೈ ಖಾಡಿಯ (ಕಡಲ ಕೊಲ್ಲಿಯ) ಆಚೆ ದಡದಲ್ಲಿ, ರಾಯಗಡ ಜಿಲ್ಲೆಯಲ್ಲಿ, 1989ರಲ್ಲಿ ಶುರುವಾದದ್ದು. ಹಳೇ ಬಂದರು ಹಿಂದೆ ಬಿದ್ದದ್ದು 1982ರ ಮುಷ್ಕರದಿಂದ ಅಂತಲೂ ಬರೆದಿದ್ದೀರಿ. ಅದು ಬಟ್ಟೆ ಗಿರಣಿಗಳ ಮುಷ್ಕರ. ಕಂಟೇನರ್‌ಗಳು ಆಚೆ ಹೋದದ್ದು ಜಾಗಕ್ಕಾಗಿ. ದೊಡ್ಡ ಹಡಗಿಗೆ ಆಳದ ನೀರು ಬೇಕು, ಪೆಟ್ಟಿಗೆ ಪೇರಿಸಲು ಬಯಲು ಬೇಕು, ಲಾರಿಗಳ ಸಾಲಿಗೆ ರಸ್ತೆ ಬೇಕು. ಹಳೇ ಬಂದರಿನಲ್ಲಿ 1914ರ ಡಾಕ್‌ನ (ಹಡಗುಕಟ್ಟೆಯ) ಬೆನ್ನಿಗೆ ಊರೇ ಬೆಳೆದು ನಿಂತಿತ್ತು.

ಹಳೇ ಬಂದರಿನಲ್ಲಿ 1944ರ ಏಪ್ರಿಲ್ 14ರಂದು ಆದ ಹಡಗಿನ ಸ್ಫೋಟಕ್ಕೆ ಎರಡು ಪುಟ ಜಾಸ್ತಿ. ಒಂದೇ ಹಡಗಿನಲ್ಲಿ ಹತ್ತಿ, ಮದ್ದುಗುಂಡು ಎರಡೂ ಇದ್ದವು ಅನ್ನುವಷ್ಟು ಇರಲಿ.

ನಿಮ್ಮ ಹತ್ತಿರ ಇರುವ ಕಥೆ 2024ರ ಸೀಸನ್‌ನದು. ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ನಡೆಯುತ್ತಿದ್ದುದರಿಂದ ಬಹಳಷ್ಟು ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾದ ತುದಿ ಸುತ್ತಿ ಹೋದವು. ಯುರೋಪಿಗೆ ಸುಮಾರು ಎರಡು ವಾರ ಜಾಸ್ತಿ ಹಿಡಿಯಿತು, ಬಾಡಿಗೆಯೂ ಏರಿತು. ಒಣದ್ರಾಕ್ಷಿ ಕಾಯುತ್ತದೆ, ಹಸಿ ದ್ರಾಕ್ಷಿ ಕಾಯುವುದಿಲ್ಲ. ಎಷ್ಟೇ ತಂಪಿನಲ್ಲಿಟ್ಟರೂ ತೊಟ್ಟು ಒಣಗುತ್ತದೆ, ಕಾಳು ಉದುರುತ್ತದೆ; ಇದನ್ನು ನನಗಿಂತ ಚೆನ್ನಾಗಿ ಬಲ್ಲವರು ನೀವು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಮುಂಬೈ ಯುರೋಪಿಗೆ ಹತ್ತಿರವಾಯಿತು ಅಂತ ಎರಡನೇ ಪುಟದಲ್ಲಿ ಸುಮ್ನೆ ಬರೆದು ಬಿಟ್ಟಿದ್ದೀರಲ್ಲ, ಅದನ್ನು ಇಲ್ಲಿಗೆ ತನ್ನಿ. ಆ ದಾರಿ ತಪ್ಪಿದಾಗ ತಿಕೋಟಾದ ಒಂದು ಮನೆಯಲ್ಲಿ ಏನಾಯಿತು ಅಂತ ಓದುವವರಿಗೆ ಆಗ ತಿಳಿಯುತ್ತದೆ.

ಚಾಟ್ನಿ (ದ್ರಾಕ್ಷಿ ಬಳ್ಳಿ ಕತ್ತರಿಸುವ) ಕೆಲಸ ಶುರುವಾಗುವ ಮೊದಲೇ ಅಪ್ಪನ ಜೊತೆ ಕೂತು ಕೇಳಿ. ಮಾಲು ಯಾವ ದಿನ ತೋಟ ಬಿಟ್ಟಿತು? ಕೋಲ್ಡ್ ಸ್ಟೋರೇಜಿನಲ್ಲಿ ಎಷ್ಟು ದಿನ ನಿಂತಿತು? ಯಾವ ರೇಟಿಗೆ ಮಾತಾಗಿತ್ತು, ಕೈಗೆ ಬಂದದ್ದೆಷ್ಟು? ಏರಿದ ಬಾಡಿಗೆಯನ್ನು ಕೊನೆಗೆ ತುಂಬಿದವರು ಯಾರು? ಅವರು ಹೇಳಿದ ಮಾತನ್ನು ಅವರ ಮಾತಲ್ಲೇ ಬರೆಯಿರಿ, ತಿದ್ದಬೇಡಿ. ನಾಲ್ಕು ಪುಟ ಸಾಕು. ಆ ರಸೀದಿಯ ಫೋಟೋ ಇನ್ನೊಮ್ಮೆ ಕಳಿಸಿ, ತಾರೀಖು ಮಸುಕಾಗಿದೆ.