ಯಿಥ್ಯೆನ್‌ಗಿಂತ ದೊಡ್ಡ ಕತ್ತಿ ಇದೆಯಾ? ನನ್ನ ಓಟು ಮೊಂಡು ಕತ್ತಿಗೆ

ಚೀನಾದ ವೂಶ್ಯಾ ಕಥೆಗಳಲ್ಲಿ, ಅಂದರೆ ಕತ್ತಿವೀರರ ಕಥೆಗಳಲ್ಲಿ, ಯಿಥ್ಯೆನ್‌ಗಿಂತ ದೊಡ್ಡ ಕತ್ತಿ ಇದೆಯಾ, ಅದಕ್ಕಾಗಿ ಎಲ್ಲರೂ ಯಾಕೆ ಅಷ್ಟು ಬಡಿದಾಡುತ್ತಾರೆ ಅಂತ ಕೇಳಿದ್ದೀರಿ. ಇದೆ. ಯಿಥ್ಯೆನ್‌ನ ಹೆತ್ತ ತಾಯಿಯೇ ಅದು. ತಮಾಷೆ ಅಂದರೆ, ಆ ತಾಯಿಗೆ ಅಲಗೇ ಇಲ್ಲ.

ನಾನು ಚೀನೀ ಬಲ್ಲವನಲ್ಲ. ಸಬ್‌ಟೈಟಲ್ ಹಾಕಿದ ಧಾರಾವಾಹಿ ನೋಡಿ ಹತ್ತಿದ ಹುಚ್ಚು, ಆಮೇಲೆ ಅನುವಾದಗಳನ್ನು ಹುಡುಕಿ ಓದಿಸಿತು. ಯಿಥ್ಯೆನ್ ಬರುವ ಕಾದಂಬರಿ ಇನ್ನೂ ಓದಿಲ್ಲದಿದ್ದರೆ ಇಲ್ಲೇ ನಿಲ್ಲಿಸಿ, ಮುಂದೆ ಗುಟ್ಟೆಲ್ಲ ರಟ್ಟು.

ಯಿಥ್ಯೆನ್ ಬರುವುದು ವೂಶ್ಯಾ ಲೇಖಕ ಜಿನ್ ಯೋಂಗ್ 1961ರಿಂದ 1963ರವರೆಗೆ ಹಾಂಗ್‌ಕಾಂಗ್‌ನ ಮಿಂಗ್ ಪಾವ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದ ಕಾದಂಬರಿಯಲ್ಲಿ. ಪತ್ರಿಕೆಯೂ ಅವರದ್ದೇ. ಯಿಥ್ಯೆನ್ ಅಂದರೆ ಆಕಾಶಕ್ಕೆ ಒರಗಿ ನಿಂತದ್ದು. ಹೆಸರು ಹೊಸದಲ್ಲ. ಚೀನಾದ ಹಳೆಯ ಕಾದಂಬರಿ 'ಮೂರು ರಾಜ್ಯಗಳ ಕಥೆ'ಯಲ್ಲಿ ಸೇನಾನಾಯಕ ಛಾವ್ ಛಾವ್‌ನ ಸೊಂಟದಲ್ಲೂ ಇದೇ ಹೆಸರಿನ ಕತ್ತಿ ಇತ್ತು. ಜಿನ್ ಯೋಂಗ್ ಅದಕ್ಕೆ ಒಂದು ಜೋಡಿ ಕೊಟ್ಟರು: ಥೂಲೊಂಗ್, ಡ್ರ್ಯಾಗನ್ ಕೊಲ್ಲುವುದು. ಇಲ್ಲಿ ಕನ್ನಡದ ಒಂದು ತೊಡಕಿದೆ. ನಾವು ಎರಡನ್ನೂ ಕತ್ತಿ ಅಂದುಬಿಡುತ್ತೇವೆ. ಚೀನೀಯರಿಗೆ ಎರಡು ಕಡೆ ಅಲಗಿರುವ ನೇರ ಕತ್ತಿ 'ಜ್ಯೆನ್', ಒಂದೇ ಕಡೆ ಅಲಗಿದ್ದರೆ 'ದಾವ್'. ಯಿಥ್ಯೆನ್ ಜ್ಯೆನ್, ಥೂಲೊಂಗ್ ದಾವ್. ಒಂದೇ ಕಡೆ ಹರಿತ ಇರುವ ನಮ್ಮ ಮಚ್ಚನ್ನು ಅವರು ಖಂಡಿತ ದಾವ್ ಸಾಲಿಗೇ ಸೇರಿಸುತ್ತಾರೆ.

ಬಡಿದಾಟಕ್ಕೆ ಕಾರಣ ಒಂದು ಪದ್ಯ. ಥೂಲೊಂಗ್ ಯಾರ ಕೈಯಲ್ಲಿದೆಯೋ ಅವನ ಮಾತು ಲೋಕವೇ ಕೇಳಬೇಕು, ಯಿಥ್ಯೆನ್ ಹೊರಗೆ ಬರದಿದ್ದರೆ ಅವನಿಗೆ ಎದುರೇ ಇಲ್ಲ ಅನ್ನುವುದು ಅದರ ಅರ್ಥ. ಎಲ್ಲರೂ ಇದನ್ನು ಹರಿತದ ಮಾತು ಅಂದುಕೊಂಡು ಸಾಯುತ್ತಾರೆ. ನಿಜವಾದ ಗುಟ್ಟು ಒಳಗಿದೆ. ದಾವ್ ಒಳಗೆ ಸೇನಾಪತಿ ಯುವೆ ಫೇಯ್‌ನ ಯುದ್ಧತಂತ್ರ, ಜ್ಯೆನ್ ಒಳಗೆ ಸಮರವಿದ್ಯೆಯ ಗ್ರಂಥ. ಎರಡನ್ನೂ ಒಂದಕ್ಕೊಂದು ಹೊಡೆದು ಮುರಿದರೆ ಮಾತ್ರ ಸಿಗುತ್ತದೆ. (ಕುಲುಮೆಯಲ್ಲಿ ಪುಸ್ತಕ ಸುಟ್ಟು ಹೋಗಲ್ವಾ ಅಂತ ನನಗೂ ಅನ್ನಿಸಿತ್ತು. ಕೊನೆಯ ಪರಿಷ್ಕರಣೆಯಲ್ಲಿ ಜಿನ್ ಯೋಂಗ್ ಅದನ್ನು ಗ್ರಂಥ ಅಡಗಿಸಿಟ್ಟ ಜಾಗ ತೋರಿಸುವ ಕಬ್ಬಿಣದ ತಗಡು ಅಂತ ಬದಲಾಯಿಸಿದರು.)

ಡ್ರ್ಯಾಗನ್ ಅಂದರೆ ಚಕ್ರವರ್ತಿ. ಕಥೆ ನಡೆಯುವುದು ಮಂಗೋಲರ ಆಳ್ವಿಕೆಯಲ್ಲಿ. ಯುದ್ಧತಂತ್ರ ಹಿಡಿದು ಅವರನ್ನು ಓಡಿಸಬೇಕು. ಓಡಿಸಿದವನೇ ನಾಳೆ ಗದ್ದುಗೆ ಏರಿ ಜನರನ್ನು ತುಳಿದರೆ? ಆಗ ಯಾರೋ ಒಬ್ಬರು ಯಿಥ್ಯೆನ್ ಹಿಡಿದು ಬಂದು ಅವನ ತಲೆ ತೆಗೆಯಬೇಕು. ಪದ್ಯದ ಕೊನೆಯ ಸಾಲಿನ ಅರ್ಥ ಇದು. ಕಾದಂಬರಿ ಮುಗಿಯುವ ಹೊತ್ತಿಗೆ ಇದು ತಿಳಿದಾಗ ನಾನು ಪುಸ್ತಕ ಮಡಚಿಟ್ಟು ಸುಮ್ನೆ ಕೂತುಬಿಟ್ಟೆ.

ಈಗ ತಾಯಿಯ ವಿಷಯ. ಶ್ಯಾಂಗ್‌ಯಾಂಗ್ ಕೋಟೆ 1273ರಲ್ಲಿ ಮಂಗೋಲರ ಕೈಸೇರಿದ್ದು ಇತಿಹಾಸ. ಕಥೆಯಲ್ಲಿ, ಆ ಕೋಟೆ ಉಳಿಯುವುದಿಲ್ಲ ಅಂತ ಗೊತ್ತಾದ ಗುವೋ ಜಿಂಗ್, ಹುವಾಂಗ್ ರೋಂಗ್ ದಂಪತಿ ಒಂದು ಹಳೆಯ ಭಾರದ ಕತ್ತಿಯನ್ನು ಕರಗಿಸಿ ಈ ಎರಡನ್ನೂ ಮಾಡಿಸುತ್ತಾರೆ. ಆ ಕತ್ತಿ ಯಾಂಗ್ ಗುವೋ ಅನ್ನುವ ವೀರನದ್ದು. ಅವನಿಗೆ ಅದು ಸಿಕ್ಕಿದ್ದು 1959ರಲ್ಲಿ ಶುರುವಾದ, ಜಿನ್ ಯೋಂಗ್ ಅವರ ಹಿಂದಿನ ಕಾದಂಬರಿಯಲ್ಲಿ. ಇಡೀ ವೂಶ್ಯಾದಲ್ಲಿ ನನಗೆ ಅತಿ ಇಷ್ಟದ ಜಾಗ ಅದು.

ಯಾಂಗ್ ಗುವೋನ ಬಲಗೈ ಆಗಷ್ಟೇ ಕಡಿದು ಹೋಗಿದೆ. ಒಂದು ದೈತ್ಯ ಹದ್ದು ಅವನನ್ನು ಬಂಡೆಯ ಮೇಲಿನ ಸಮಾಧಿಗೆ ಕರೆದೊಯ್ಯುತ್ತದೆ. ಹೂತಿರುವುದು ಮನುಷ್ಯರನ್ನಲ್ಲ, ಕತ್ತಿಗಳನ್ನು. ಹೂತವನು ದೂಗೂ ಚ್ಯೂಬಾಯ್ ಅನ್ನುವ ಹಳೆಯ ಕಾಲದ ಕತ್ತಿವೀರ. ಚ್ಯೂಬಾಯ್ ಅಂದರೆ ಸೋಲು ಬೇಡುವವನು. ಅವನನ್ನು ಸೋಲಿಸುವವರೇ ಸಿಗಲಿಲ್ಲವಂತೆ, ಪಾಪ. ಮೊದಲನೆಯದು ಇಪ್ಪತ್ತು ವಯಸ್ಸಿನ ಒಳಗೆ ಬಳಸಿದ ಹರಿತವಾದ ಕತ್ತಿ. ಎರಡನೆಯ ಜಾಗ ಖಾಲಿ. ಅದರಿಂದ ತಪ್ಪಿ ಒಬ್ಬ ಒಳ್ಳೆಯವನಿಗೆ ಗಾಯವಾಯಿತೆಂದು ಕಣಿವೆಗೆ ಎಸೆದನಂತೆ.

ಮೂರನೆಯದು ಕಪ್ಪು ಕಬ್ಬಿಣ. ಉದ್ದ ಮೂರಡಿ ಚಿಲ್ಲರೆ. ಯಾಂಗ್ ಗುವೋ ಎಡಗೈಯಲ್ಲಿ ಎತ್ತಲು ಹೋದರೆ ಜಾರಿ ಬಂಡೆಗೆ ಬಡಿಯುತ್ತದೆ. ತೂಕ 70-80 ಜಿನ್, ಅಂದರೆ 35-40 ಕೆಜಿ. ನಿಜವಾದ ಜ್ಯೆನ್ ಒಂದು ಕೆಜಿ ಆಸುಪಾಸು ಇರುತ್ತದೆ. ಎರಡೂ ಅಂಚು ಮೊಂಡು, ತುದಿ ಅರ್ಧ ಚೆಂಡಿನ ಹಾಗೆ ದುಂಡಗೆ. ಪಕ್ಕದಲ್ಲಿ ಕೆತ್ತಿದ್ದು: ಭಾರದ ಕತ್ತಿಗೆ ಅಲಗಿಲ್ಲ, ದೊಡ್ಡ ಜಾಣ್ಮೆಗೆ ನಯವಿಲ್ಲ. ನಲವತ್ತರ ಒಳಗೆ ನಾನು ಇದನ್ನು ಹಿಡಿದೇ ಲೋಕ ಸುತ್ತಿದೆ.

ಹೀಗಾಗಿಯೇ ನನ್ನ ಓಟು ಇದಕ್ಕೆ. ಯಿಥ್ಯೆನ್ ಯಾರ ಕೈಯಲ್ಲಿದ್ದರೂ ಕಡಿಯುತ್ತದೆ, ಕದ್ದವರ ಕೈಯಲ್ಲೂ. ಇದು ಹಾಗಲ್ಲ. ಪ್ರವಾಹದಲ್ಲಿ ನಿಂತು ನೀರಿಗೆ ಎದುರಾಗಿ ಬೀಸಿ ಬೀಸಿ ತೋಳು ಗಟ್ಟಿ ಮಾಡಿಕೊಂಡ ಮೇಲೆಯೇ ಅದು ಯಾಂಗ್ ಗುವೋನ ಮಾತು ಕೇಳಿದ್ದು.

ನಾಲ್ಕನೆಯದೂ ಇದೆ. ಮೂರನೆಯದೇ ಇಷ್ಟು ಭಾರ, ಇದು ಇನ್ನೆಷ್ಟೋ ಅಂತ ಯಾಂಗ್ ಗುವೋ ಬಿಗಿಯಾಗಿ ಎತ್ತುತ್ತಾನೆ. ಕೈಗೆ ಏನೂ ಬಂದ ಹಾಗೇ ಅನ್ನಿಸುವುದಿಲ್ಲ. ಮರದ ಕತ್ತಿ, ಹಳೆಯದಾಗಿ ಪುಡಿಪುಡಿ. ನಲವತ್ತರ ನಂತರ ಹುಲ್ಲು, ಕಡ್ಡಿ, ಬಿದಿರು, ಕಲ್ಲು ಎಲ್ಲವೂ ಕತ್ತಿಯೇ ಅಂತ ಕೆಳಗೆ ಬರೆದಿದೆ. ಅವನು ಅದನ್ನು ಮೆಲ್ಲಗೆ ಇದ್ದಲ್ಲೇ ಇಡುತ್ತಾನೆ.