ಅಪ್ಪ ಚೆನ್ನಾಗಿಯೇ ಇದ್ದಾರೆ, ಆದರೂ ವಾಲ್ವ್ ಬದಲಾಯಿಸಬೇಕೆ?

ಪ್ರಶ್ನೆ: ನಮ್ಮದು ಮಂಡ್ಯ ತಾಲ್ಲೂಕಿನ ಒಂದು ಹಳ್ಳಿ. ಅಪ್ಪನಿಗೆ 71 ವರ್ಷ. ಎರಡು ತಿಂಗಳ ಹಿಂದೆ ಗದ್ದೆಗೆ ನೀರು ಕಟ್ಟಲು ಹೋದವರು ಕಣ್ಣು ಕತ್ತಲೆ ಬಂದು ಬದುವಿನ ಮೇಲೆ ಬಿದ್ದರು. ಸ್ವಲ್ಪ ಹೊತ್ತಿಗೆ ತಾವೇ ಎದ್ದು ಕೂತರು. ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದಾಗ ಅಯೋರ್ಟಿಕ್ ವಾಲ್ವ್ ತೀರ ಕಿರಿದಾಗಿದೆ, 0.8 ಇದೆ, ಬದಲಾಯಿಸಬೇಕು ಎಂದರು. ಅಪ್ಪ ಒಪ್ಪುತ್ತಿಲ್ಲ. ‘ನಾನು ಚೆನ್ನಾಗೇ ಇವ್ನಿ, ಮಾತ್ರೆ ಕೊಡ್ಲಿ ನುಂಗ್ತೀನಿ’ ಅನ್ನುತ್ತಾರೆ. ಇದೇ ಹೊತ್ತಿಗೆ ತಂಗಿಯ ಮಗನಿಗೆ (9 ವರ್ಷ) ಶಾಲೆಯ ತಪಾಸಣೆಯಲ್ಲಿ ಎದೆಯಲ್ಲಿ ಸದ್ದಿದೆ ಎಂದು ಕಳಿಸಿದರು. ಅವನಿಗೂ ಅದೇ ವಾಲ್ವಿನ ತೊಂದರೆಯಂತೆ, ಹುಟ್ಟಿನಿಂದಲೇ ಎರಡೇ ದಳ ಇವೆಯಂತೆ. ಇದು ವಂಶದಲ್ಲಿ ಬರುತ್ತದೆಯೇ? ಇಬ್ಬರಿಗೂ ಮಾತ್ರೆಯಲ್ಲಿ ವಾಸಿಯಾಗುವುದಿಲ್ಲವೇ?

ಉತ್ತರ: ಮೊದಲು ಅಪ್ಪನ ವಿಷಯ. ಅಲ್ಲಿ ಕಾಯುವಷ್ಟು ಸಮಯವಿಲ್ಲ.

ಬೆನ್ನಿಗೆ ಕಟ್ಟಿಕೊಂಡು ಬೆಳೆಗೆ ಔಷಧಿ ಹೊಡೆಯುವ ಕ್ಯಾನಿನ ನಾಜಲ್‌ನಲ್ಲಿ ಕಸ ಕಟ್ಟಿಕೊಂಡರೆ ಏನಾಗುತ್ತದೆಂದು ನಿಮಗೆ ಗೊತ್ತು. ಔಷಧಿ ಬರುತ್ತದೆ, ಆದರೆ ಕೈ ಜೋರಾಗಿ ಒತ್ತಬೇಕು. ಒಂದು ಸಾಲು ಮುಗಿಯುವಷ್ಟರಲ್ಲಿ ತೋಳು ಸೋಲುತ್ತದೆ. ಹೃದಯದಿಂದ ಇಡೀ ದೇಹಕ್ಕೆ ರಕ್ತ ಹೊರಡುವ ಬಾಗಿಲೇ ಅಯೋರ್ಟಿಕ್ ವಾಲ್ವ್. ಅದರಲ್ಲಿ ತೆಳುವಾದ ಮೂರು ದಳಗಳಿರುತ್ತವೆ. ದೊಡ್ಡವರಲ್ಲಿ ಅದು ಪೂರ್ತಿ ತೆರೆದಾಗ 3ರಿಂದ 4 ಚದರ ಸೆಂಟಿಮೀಟರ್ ದಾರಿ ಇರುತ್ತದೆ. 1ಕ್ಕಿಂತ ಕಡಿಮೆಯಾದರೆ ತೀವ್ರ ಎನ್ನುತ್ತೇವೆ. ನಿಮ್ಮ ಅಪ್ಪನಿಗೆ ಉಳಿದಿರುವುದು 0.8. ಹೃದಯದ ಮಾಂಸಖಂಡ ದಪ್ಪಗಾಗಿ, ವರ್ಷಗಟ್ಟಲೆ ಜೋರಾಗಿ ಒತ್ತುತ್ತಾ ಸಂಭಾಳಿಸಿರುತ್ತದೆ. ಹಾಗಾಗಿಯೇ ಇಷ್ಟು ದಿನ ಯಾರಿಗೂ ಗೊತ್ತಾಗಿಲ್ಲ.

‘ಚೆನ್ನಾಗೇ ಇವ್ನಿ’ ಎಂಬ ಮಾತನ್ನು ಇಂಥ ರೋಗಿಗಳಿಂದ ನಾನು ದಿನವೂ ಕೇಳುತ್ತೇನೆ. ಅವರು ಸುಳ್ಳು ಹೇಳುತ್ತಿಲ್ಲ. ತಮಗೇ ತಿಳಿಯದಂತೆ ಕೆಲಸ ಕಡಿಮೆ ಮಾಡಿಕೊಂಡಿರುತ್ತಾರೆ. ಅದಕ್ಕೇ ನಾನು ಸುಸ್ತಾಗುತ್ತದಾ ಎಂದು ಕೇಳುವುದಿಲ್ಲ. ‘ಹೋದ ವರ್ಷ ಆಷಾಢದಲ್ಲಿ ಚಾಮುಂಡಿ ಬೆಟ್ಟ ಮೆಟ್ಟಿಲಲ್ಲಿ ಹತ್ತಿದ್ರಾ? ಈ ವರ್ಷ?’ ಎಂದು ಕೇಳುತ್ತೇನೆ. ಉತ್ತರ ಹೆಚ್ಚಾಗಿ ಹೆಂಡತಿಯಿಂದಲೋ ಸೊಸೆಯಿಂದಲೋ ಬರುತ್ತದೆ: ‘ಈ ವರ್ಷ ಬಸ್ಸಲ್ಲಿ ಹೋದ್ರು ಸಾರ್.’ ನೀವೂ ಮನೆಯಲ್ಲಿ ಹೀಗೆ ಕೇಳಿ ನೋಡಿ. ಮೊದಲು ಒಂದೇ ಉಸಿರಿಗೆ ಹೋಗುತ್ತಿದ್ದ ಗದ್ದೆಗೆ ಈಗ ಎಲ್ಲಿ ನಿಂತು ಹೋಗುತ್ತಾರೆ?

ಇನ್ನು ಅವರು ಬದುವಿನ ಮೇಲೆ ಬಿದ್ದದ್ದನ್ನು ಬಿಸಿಲು, ಪಿತ್ತ, ಬಿಪಿ ಕಮ್ಮಿ ಎಂದು ತಳ್ಳಿಹಾಕಬೇಡಿ. ಈ ಕಾಯಿಲೆಯಲ್ಲಿ ಮೂರು ಲಕ್ಷಣಗಳು ಮುಖ್ಯ: ಕೆಲಸ ಮಾಡುವಾಗ ಎದೆ ಹಿಡಿಯುವುದು, ಕಣ್ಣು ಕತ್ತಲೆ ಬಂದು ಬೀಳುವುದು, ಏದುಸಿರು. ತೀವ್ರವಾಗಿ ಕಿರಿದಾದವರಲ್ಲಿ ಇವುಗಳಲ್ಲಿ ಒಂದು ಶುರುವಾದ ಮೇಲೂ ವಾಲ್ವ್ ಬದಲಾಯಿಸದೆ ಬಿಟ್ಟರೆ, ಸುಮಾರು ಅರ್ಧದಷ್ಟು ಜನ ಎರಡು ವರ್ಷ ದಾಟುವುದಿಲ್ಲ. ಇದನ್ನು ಹೇಳಲು ನನಗೂ ಕಷ್ಟ. ಆದರೆ ಹೇಳದೆ ಬಿಟ್ಟರೆ ನಿಮ್ಮ ಅಪ್ಪನಿಗೆ ಅನ್ಯಾಯ ಮಾಡಿದಂತೆ.

ಮಾತ್ರೆಯಲ್ಲಿ ಆಗದೇ ಎಂದಿರಿ. ಆಗುವುದಿಲ್ಲ. ದಳಗಳ ಮೇಲೆ ಸುಣ್ಣದ ಅಂಶ ಗಟ್ಟಿಯಾಗಿ ಕೂತಿದೆ. ಅದನ್ನು ಕರಗಿಸುವ ಮದ್ದು ಅಲೋಪತಿಯಲ್ಲೂ ಇಲ್ಲ, ಬೇರೆ ಪದ್ಧತಿಯಲ್ಲೂ ಇಲ್ಲ. ಕೊಲೆಸ್ಟರಾಲ್ ಮಾತ್ರೆ ಇದನ್ನು ತಡೆಯಬಹುದೇನೋ ಎಂದು ದೊಡ್ಡ ಪ್ರಯೋಗಗಳನ್ನೇ ಮಾಡಿದರು, ತಡೆಯಲಿಲ್ಲ. ಒಂದು ಎಚ್ಚರಿಕೆ: ಎದೆನೋವು ಬಂದಾಗ ಪಕ್ಕದ ಮನೆಯವರು ಕೊಟ್ಟ ಸಾರ್ಬಿಟ್ರೇಟ್ ಎಂಬ ಎದೆನೋವಿನ ಮಾತ್ರೆಯನ್ನು ನಾಲಿಗೆ ಕೆಳಗೆ ಇಡುವ ರೂಢಿ ನಮ್ಮಲ್ಲಿದೆ. ಈ ಕಾಯಿಲೆಯಲ್ಲಿ ಅದರಿಂದ ಬಿಪಿ ಒಮ್ಮೆಲೇ ಕುಸಿಯಬಹುದು. ವೈದ್ಯರು ಹೇಳದೆ ಅದನ್ನು ಮುಟ್ಟಬಾರದು. ಚಿಕಿತ್ಸೆ ಆಗುವವರೆಗೂ ಅವರು ಕಬ್ಬಿನ ಹೊರೆ ಎತ್ತುವುದು ಬೇಡ, ಒಬ್ಬರೇ ಗದ್ದೆಗೆ ಹೋಗುವುದೂ ಬೇಡ.

ದಾರಿ ಎರಡಿದೆ. ಒಂದು, ಎದೆ ತೆರೆದು ಮಾಡುವ ಶಸ್ತ್ರಚಿಕಿತ್ಸೆ. ಸುಮಾರು ಒಂದು ವಾರ ಆಸ್ಪತ್ರೆ, ಎದೆಮೂಳೆ ಕೂಡಲು 6ರಿಂದ 8 ವಾರ. ಇನ್ನೊಂದು ಟಾವಿ: ತೊಡೆಸಂದಿಯ ರಕ್ತನಾಳದಿಂದ ಮಡಚಿದ ವಾಲ್ವನ್ನು ಕಳಿಸಿ, ಹಳೆಯದರ ಒಳಗೇ ಅರಳಿಸುವುದು. ಫ್ರಾನ್ಸಿನ ಅಲೈನ್ ಕ್ರಿಬಿಯೆ 2002ರಲ್ಲಿ ಮನುಷ್ಯನಲ್ಲಿ ಇದನ್ನು ಮೊದಲು ಮಾಡಿದರು. 71ರ ವಯಸ್ಸಿಗೆ ಎರಡೂ ಸಾಧ್ಯ. ಸಿಟಿ ಸ್ಕ್ಯಾನ್, ಆಂಜಿಯೋಗ್ರಾಂ, ಕಿಡ್ನಿ, ಶ್ವಾಸಕೋಶ ನೋಡಿ ತೀರ್ಮಾನಿಸುತ್ತಾರೆ. ಟಾವಿಯಲ್ಲಿ ವಾಲ್ವಿನ ಬೆಲೆಯೇ ಹಲವು ಲಕ್ಷ. ಶಸ್ತ್ರಚಿಕಿತ್ಸೆ ಅಷ್ಟು ದುಬಾರಿಯಲ್ಲ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ. ಎಕೋ ವರದಿ, ಕಾರ್ಡು ಹಿಡಿದು ಮೈಸೂರಿನ ಕೆಆರ್‌ಎಸ್ ರಸ್ತೆಯ ಜಯದೇವ ಆಸ್ಪತ್ರೆಗೆ ಈ ವಾರವೇ ಕರೆದುಕೊಂಡು ಹೋಗಿ. ಈ ವಯಸ್ಸಿನಲ್ಲಿ ಸಾಮಾನ್ಯವಾಗಿ ಹಾಕುವುದು ಪ್ರಾಣಿಜನ್ಯ ವಾಲ್ವ್, ಅಂದರೆ ದನದ ಹೃದಯದ ಪೊರೆಯಿಂದ ಮಾಡಿದ್ದು ಅಥವಾ ಹಂದಿಯದು. ಕೆಲವು ಮನೆಗಳಲ್ಲಿ ಇದು ಮನಸ್ಸಿಗೆ ಒಗ್ಗುವುದಿಲ್ಲ. ಸಂಕೋಚವಿಲ್ಲದೆ ಮೊದಲೇ ಹೇಳಿಕೊಳ್ಳಿ, ಲೋಹದ ವಾಲ್ವಿನ ಸಾಧಕ ಬಾಧಕವನ್ನೂ ವಿವರಿಸುತ್ತಾರೆ.

ಇನ್ನು ಮಗು. ನೂರರಲ್ಲಿ ಒಬ್ಬಿಬ್ಬರಿಗೆ ಹುಟ್ಟುವಾಗಲೇ ಮೂರರ ಬದಲು ಎರಡು ದಳವಿರುತ್ತದೆ. ಅವರಲ್ಲಿ ಎಷ್ಟೋ ಜನ ಐವತ್ತು ದಾಟುವವರೆಗೂ ಏನೂ ಅರಿಯದೆ ಇರುತ್ತಾರೆ. ಕೆಲವು ಮಕ್ಕಳಲ್ಲಿ ಮಾತ್ರ ಬೇಗನೆ ಕಿರಿದಾಗುತ್ತದೆ. ನಿಮ್ಮ ಅಳಿಯ ಆಡಿಕೊಂಡು ಓಡಿಕೊಂಡು ಇರಬಹುದು, ಮಕ್ಕಳು ಹಾಗೆಯೇ. ಅಲ್ಲಿ ನಾವು ನೋಡುವುದು ವಾಲ್ವಿನ ಆಚೆ ಈಚೆ ಒತ್ತಡದ ವ್ಯತ್ಯಾಸ. ಅದು ಕಡಿಮೆಯಿದ್ದರೆ ಕಾಲಕಾಲಕ್ಕೆ ಎಕೋ ಸಾಕು, ಶಾಲೆ, ಆಟ ಯಾವುದನ್ನೂ ಬಿಡಿಸಬೇಕಿಲ್ಲ. ಕ್ಯಾಥ್ ಲ್ಯಾಬಿನಲ್ಲಿ (ರಕ್ತನಾಳದ ಮೂಲಕ ಹೃದಯಕ್ಕೆ ಸಣ್ಣ ಕೊಳವೆ ಕಳಿಸುವ ಕೋಣೆ) ಅಳೆದಾಗ ಆ ವ್ಯತ್ಯಾಸ 50 ಮಿ.ಮೀ. ಪಾದರಸ ದಾಟಿದ್ದರೆ ಬಲೂನಿನಿಂದ ಅಗಲಿಸುತ್ತಾರೆ, ಎದೆ ತೆರೆಯಬೇಕಿಲ್ಲ. ಅದು ಶಾಶ್ವತ ಪರಿಹಾರವಲ್ಲ. ಆದರೆ ಮಗು ಬೆಳೆಯಲು ಬೇಕಾದ ವರ್ಷಗಳನ್ನು ದೊರಕಿಸಿಕೊಡುತ್ತದೆ. ಕೃತಕ ವಾಲ್ವ್ ಮಗುವಿನ ಜೊತೆ ಬೆಳೆಯುವುದಿಲ್ಲವಲ್ಲ! ತೀವ್ರವಾಗಿದ್ದರೆ ಮಾತ್ರ ಗರಡಿ, ಕಬಡ್ಡಿ ಪಂದ್ಯ ಬೇಡ.

ವಂಶದ ಪ್ರಶ್ನೆ ನೀವು ಕೇಳಿದ್ದು ಬಹಳ ಒಳ್ಳೆಯದಾಯಿತು. ಅಪ್ಪನದು ಬರೀ ವಯಸ್ಸಿನಿಂದ ಬಂದದ್ದೂ ಇರಬಹುದು. ಆದರೆ ಎರಡು ದಳದ ವಾಲ್ವ್ ಕೆಲವು ಕುಟುಂಬಗಳಲ್ಲಿ ಇಳಿದು ಬರುತ್ತದೆ, ಹತ್ತಿರದ ರಕ್ತಸಂಬಂಧಿಗಳಲ್ಲಿ ಹತ್ತರಲ್ಲಿ ಒಬ್ಬರಿಗೆ ಇರುವ ಸಂಭವವಿದೆ. ತಾತನಿಗೂ ಮೊಮ್ಮಗನಿಗೂ ನಡುವಿನ ಕೊಂಡಿ ನಿಮ್ಮ ತಂಗಿ. ಅವರಿಗೆ ಎಕೋ ಮಾಡಿಸಿದ್ದೀರಾ? ಹುಡುಗನ ಒಡಹುಟ್ಟಿದವರಿಗೂ ಆಗಲಿ, ನೀವೂ ಒಮ್ಮೆ ಮಾಡಿಸಿಕೊಳ್ಳಿ. ಎರಡು ದಳದವರಲ್ಲಿ ಮಹಾಪಧಮನಿಯೂ (ಈ ವಾಲ್ವಿನಿಂದ ಮುಂದೆ ಹೊರಡುವ ದೊಡ್ಡ ರಕ್ತನಾಳ) ಹಿಗ್ಗಬಹುದು, ಅದನ್ನೂ ಅಳೆಯಲು ಹೇಳಿ.

ಗಂಟಲು ನೋವಿನಿಂದ ಶುರುವಾಗುವ ರುಮ್ಯಾಟಿಕ್ ಜ್ವರವೂ ಈ ವಾಲ್ವನ್ನು ಕೆಡಿಸುತ್ತದೆ, ಆದರೆ ಆಗ ಸಾಮಾನ್ಯವಾಗಿ ಹೃದಯದ ಇನ್ನೊಂದು ಬಾಗಿಲಾದ ಮೈಟ್ರಲ್ ವಾಲ್ವೂ ಕೆಟ್ಟಿರುತ್ತದೆ. ನೀವು ಬರೆದದ್ದು ನೋಡಿದರೆ ಹುಡುಗನದು ಅದಲ್ಲ.

ಪ್ರಶ್ನೆ: ಮೈಸೂರಿನವಳು, 38 ವರ್ಷ. ನಾಲ್ಕು ವರ್ಷದ ಹಿಂದೆ ಇದೇ ವಾಲ್ವಿಗೆ ಲೋಹದ್ದನ್ನು ಹಾಕಿದ್ದಾರೆ. ರಕ್ತ ತೆಳುವಾಗುವ ಮಾತ್ರೆ ನುಂಗುತ್ತೇನೆ. ಸೊಪ್ಪು ಪೂರ್ತಿ ಬಿಡಬೇಕೆನ್ನುತ್ತಾರೆ, ನಿಜವೇ? ಮುಂದಿನ ತಿಂಗಳು ದವಡೆ ಹಲ್ಲು ಕೀಳಿಸಬೇಕಿದೆ.

ಉತ್ತರ: ಬಸ್ಸಾರು, ಮಸ್ಸೊಪ್ಪು ಬಿಡಬೇಕಿಲ್ಲಮ್ಮ. ಸೊಪ್ಪಿನಲ್ಲಿರುವ ಕೆ ವಿಟಮಿನ್, ನೀವು ನುಂಗುವ ಮಾತ್ರೆಯ ಕೆಲಸ ತಗ್ಗಿಸುವುದು ನಿಜ. ಆದರೆ ವಾರವೆಲ್ಲ ಬಿಟ್ಟು ಒಂದು ದಿನ ಬುಟ್ಟಿಗಟ್ಟಲೆ ತಿಂದರೆ ತೊಂದರೆ. ವಾರವಾರವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನಿ, ಆ ಊಟಕ್ಕೆ ತಕ್ಕಂತೆ ಮಾತ್ರೆ ಹೊಂದಿಸಿಕೊಳ್ಳೋಣ. ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ಹೊತ್ತನ್ನು ಅಳೆಯುವ ಪರೀಕ್ಷೆ) ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಬೇಕು. ಮೈಕೈ ನೋವಿಗೆ ಅಂಗಡಿಯಿಂದ ತಂದ ನೋವಿನ ಮಾತ್ರೆ, ನಾಟಿ ಔಷಧಿ ಸೊಪ್ಪಿಗಿಂತ ಹೆಚ್ಚು ಅಪಾಯ.

ಹಲ್ಲು ಕೀಳಿಸಲು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ವಾಲ್ವಿನ ಮೇಲೆ ರಕ್ತ ಹೆಪ್ಪುಗಟ್ಟಬಹುದು. ಕೀಳಿಸುವ ಹಿಂದಿನ ದಿನ ಐಎನ್‌ಆರ್ ಮಾಡಿಸಿ. ಕೃತಕ ವಾಲ್ವಿಗೆ ಸೋಂಕು ತಗುಲದಂತೆ, ಹಲ್ಲು ಕೀಳುವ ಅರ್ಧದಿಂದ ಒಂದು ಗಂಟೆ ಮೊದಲು ಒಂದು ಡೋಸ್ ಆಂಟಿಬಯಾಟಿಕ್ ತೆಗೆದುಕೊಳ್ಳಬೇಕು. ಪೆನಿಸಿಲಿನ್ ಅಲರ್ಜಿಯಿದ್ದರೆ ಹೇಳಲು ಮರೆಯಬೇಡಿ. ಹಲ್ಲಿನ ವೈದ್ಯರಿಗೆ ಮೊದಲ ಮಾತೇ ‘ನನಗೆ ಲೋಹದ ವಾಲ್ವ್ ಇದೆ’ ಎಂದಾಗಿರಲಿ.